ದೀಡ ಇಂಚು

ನಮ್ಮ ಮನೆಯ ಲ್ಯಾಪ್‌ಟಾಪು ಹದಿನಾಲ್ಕು ಇಂಚಿನದು. ಹದಿನೈದೂವರೆ ಚಿಲ್ಲರೆಯದನ್ನು ತರಬಹುದಿತ್ತು, ತರಲಿಲ್ಲ. ಆರಿಸಿದವಳು ನಾನು. ಕಣ್ಣು ಕಳೆದುಕೊಂಡವರು ನಮ್ಮ ಮನೆಯವರು. ಲ್ಯಾಪ್‌ಟಾಪಿನಿಂದ ಕಣ್ಣು ಹೋಯಿತೆಂದು ಯಾವ ಹುಚ್ಚರೂ ಹೇಳುವುದಿಲ್ಲ. ಆದರೆ ಅದನ್ನು ಕೊಂಡ ದಿನ ನಾನು ಸಿಡುಕುವುದನ್ನು ಬಿಟ್ಟು ಒಂದೇ ಒಂದು ಮಾತು ಕೇಳಿದ್ದರೆ, ಇದನ್ನು ಇವತ್ತು ಅವರೇ ಓದುತ್ತಿದ್ದರು.

ಅವರು ಭಾಲ್ಕಿ ಬಜಾರಿನಲ್ಲಿ ದರ್ಜಿ. ನಾನು ಔರಾದಿನ ಸಾಲೆಯಲ್ಲಿ ಕನ್ನಡ ಕಲಿಸುವವಳು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮೊದಲಿನಿಂದಲೂ ನನಗೆ ನೋಟುಬುಕ್ಕಿನಲ್ಲಿ ಏನಾದರೂ ಗೀಚುವ ಚಟ. ಗೀಚಿದ್ದನ್ನು ಮೊದಲು ಓದುತ್ತಿದ್ದವರು ಅವರೇ. ಓದಿದ್ದು ಏಳನೆಯ ಇಯತ್ತೆ, ಆದರೆ ಬಿಟ್ಟುಹೋದ ಒಂದು ದೀರ್ಘವೂ ಅವರ ಕಣ್ಣು ತಪ್ಪಿಸುತ್ತಿರಲಿಲ್ಲ. ಬಟ್ಟೆಗೆ ಗುರುತು ಹಾಕುವ ನೀಲಿ ಸುಣ್ಣದ ಬಿಲ್ಲೆಯಿಂದ ತಪ್ಪಿನ ಕೆಳಗೆ ಗೆರೆ ಎಳೆದು, "ಟೀಚರಮ್ಮಾ, ಇಲ್ಲಿ ಹೊಲಿಗಿ ಬಿಚ್ಚೇದ ನೋಡ್ರಿ" ಎಂದು ಚೇಷ್ಟೆ ಮಾಡುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಆದರೂ ಆ ನೀಲಿ ಗೆರೆ ಬೀಳದ ಪುಟ ನನಗೆ ಪೂರ್ತಿಯಾದಂತೆ ಅನಿಸುತ್ತಿರಲಿಲ್ಲ.

ಸಾಲೆಯ ಕೆಲಸವೆಲ್ಲ ಕಂಪ್ಯೂಟರಿಗೆ ಬಂದಮೇಲೆ, ಒಂದು ಭಾನುವಾರ ಇಬ್ಬರೂ ಬೀದರಕ್ಕೆ ಹೋದೆವು. ಅಂಗಡಿಯವನು ಎರಡು ಲ್ಯಾಪ್‌ಟಾಪು ತೆರೆದಿಟ್ಟ. ನನ್ನ ಮನಸ್ಸು ಆಗಲೇ ಚಿಕ್ಕದರ ಮೇಲಿತ್ತು. ಅಷ್ಟರಲ್ಲಿ ಇವರು ಕೊರಳಿನ ಟೇಪು ತೆಗೆದರು. ಹಬ್ಬಕ್ಕೂ ಹುಣ್ಣಿಮೆಗೂ ಅದು ಅವರ ಕೊರಳು ಬಿಡುತ್ತಿರಲಿಲ್ಲ. ಟೇಪನ್ನು ಪರದೆಯ ಮೇಲೆ ಅಡ್ಡ ಹಿಡಿದು, ಮುಖ ಬೇರೆ ಕಡೆ ತಿರುಗಿಸಿ, ಹೆಬ್ಬೆರಳನ್ನು ಮೆಲ್ಲಗೆ ಸರಿಸುತ್ತ ಹೋದರು.

"ಇದು ಹನ್ನೆರಡರ ಮ್ಯಾಲ ಬರೇ ಎರಡ ನೂಲ ಅದ. ಹದಿನಾಲ್ಕ ಎಲ್ಲದರಿ?" ದರ್ಜಿಗಳ ಲೆಕ್ಕದಲ್ಲಿ ಎಂಟು ನೂಲಿಗೆ ಒಂದು ಇಂಚು.

ಅಂಗಡಿಯವನು ನಕ್ಕ. "ಕಾಕಾ, ಇದನ್ನ ಮೂಲಿಯಿಂದ ಮೂಲಿಗಿ ಅಳೀತಾರ್ರಿ."

"ಓರೆ ಹಿಡಿದು ಅಳತಿ ತಗೊಂಡ್ರ ಅಂಗಿ ಯಾರ ಮೈಮ್ಯಾಲ ಕೂಡ್ತದ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಇವರೂ ನಕ್ಕರು. ನನಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಅನಿಸಿತು. ನಾಚಿಕೆಯಾದದ್ದು ನಿಜ, ಈಗ ಮುಚ್ಚಿಟ್ಟು ಏನು ಪ್ರಯೋಜನ? ನಾನು ಟೀಚರು, ಗಂಡ ಟೇಪು ಹಿಡಿದು ನಿಂತ ದರ್ಜಿ, ಸುತ್ತ ಮಂದಿ. ಅವರು ದೊಡ್ಡದನ್ನೂ ಹಾಗೇ ಹೆಬ್ಬೆರಳಿನಿಂದ ಅಳೆದು, "ಇದು ದೀಡ ಇಂಚ ಅಗಲ ಅದ, ಇದನ್ನೇ ತಗೋ" ಎಂದರು. ನಮ್ಮ ಕಡೆ ಒಂದೂವರೆಗೆ ದೀಡ ಎನ್ನುತ್ತಾರೆ.

"ದೀಡ ಇಂಚಿಗಿ ಏನ ಬರ್ತದರಿ?"

"ಹೆಚ್ಚಾದ್ರ ಮಡಚಿ ಹೊಲೀಬಹುದು. ಕಡಿಮ್ಯಾದ್ರ ಎಲ್ಲಿಂದ ತಂದು ಜೋಡಸ್ತಿ?"

"ಹೊತ್ಕೊಂಡು ಹೋಗಾಕಿ ನಾನು. ಔರಾದ ಬಸ್ಸಿನಾಗ ನಿಲ್ಲಾಕ ಜಾಗ ಇರಂಗಿಲ್ಲ. ಮೊದಲ ಆ ಟೇಪ ಒಳಗ ಇಡ್ರಿ, ಮಂದಿ ನೋಡ್ಲತ್ತಾರ."

ಅವರು ಟೇಪು ಸುತ್ತಿ ಕಿಸೆಯಲ್ಲಿಟ್ಟರು. ನಾನು ಚಿಕ್ಕದನ್ನೇ ಕೊಂಡೆ. ಭಾಲ್ಕಿ ಬರುವವರೆಗೂ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು, ಮುನಿಸಿಕೊಂಡಿದ್ದಾರೆ ಎಂದುಕೊಂಡು ನಾನೂ ಬಿಗಿದುಕೊಂಡೇ ಕುಳಿತೆ.

ಆಮೇಲೆ ನನ್ನ ಬರಹವೂ ಲ್ಯಾಪ್‌ಟಾಪಿಗೆ ಸೇರಿತು. ಸಂಜೆ ಅವರ ಮುಂದಿಟ್ಟರೆ ಒಂದು ಗಳಿಗೆ ನೋಡಿ, "ನೀನೇ ಓದಿ ಹೇಳು" ಎನ್ನುತ್ತಿದ್ದರು. ಬಸ್ಸಿನಲ್ಲಿ ನಿಂತು ಬಂದ ಕಾಲು, ಮಕ್ಕಳೆದುರು ಕೂಗಿ ಒಣಗಿದ ಗಂಟಲು. "ನೀವೇ ಓದ್ರಿ, ಕಣ್ಣ ಮುಂದೇ ಅದಲ್ಲ" ಎಂದುಬಿಡುತ್ತಿದ್ದೆ. ಬರಬರುತ್ತ ಅವರು ಕೇಳುವುದನ್ನು ಬಿಟ್ಟರು. ನನ್ನ ಬರಹ ಬೇಡವಾಯಿತೇನೋ ಎಂದು ನಾನು ಒಳಗೊಳಗೇ ನೊಂದೆ. ಅಕ್ಷರ ದೊಡ್ಡದು ಮಾಡುವುದು ಹೇಗೆಂದು ನನಗೆ ಗೊತ್ತಿತ್ತು, ಕಾಣುತ್ತಿಲ್ಲವೆಂದು ಅವರಿಗೆ ಗೊತ್ತಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ.

ಒಂದು ವರ್ಷ ಕಳೆದ ಮೇಲೆ ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಮೆಟ್ಟಿಲು ಕಾಣದೆ ಬಿದ್ದರು. ಬೀದರದ ಕಣ್ಣಿನ ಡಾಕ್ಟರು ದೀಪ ಹಿಡಿದು ಬಹಳ ಹೊತ್ತು ನೋಡಿದರು. "ಸಕ್ಕರಿ ಕಾಯಿಲೆ ಕಣ್ಣಿನ ಪರದೆಗಿ ಇಳಿದದರಿ. ಒಂದ ವರ್ಷ ಮೊದಲ ಬಂದಿದ್ರ ಇದ್ದಷ್ಟರೆ ಉಳಸಬಹುದಿತ್ತು" ಎಂದರು. ಆ ಒಂದು ವರ್ಷ ಎಲ್ಲಿಂದ ಶುರುವಾಗುತ್ತದೆಂದು ನಾನು ಅಲ್ಲೇ ಕುಳಿತು ಲೆಕ್ಕ ಹಾಕಿದೆ. ಹಿಂದೆ ಹಿಂದೆ ಹೋದರೆ ಆ ಭಾನುವಾರ ಬಂತು.

ಮನೆಗೆ ಬಂದು ಕೇಳಿದೆ, "ಕಾಣದೇ ಇಷ್ಟ ದಿನ ಹ್ಯಾಂಗ ಹೊಲದ್ರಿ?"

ಕೊರಳಿನ ಟೇಪು ತೆಗೆದು ನನ್ನ ಕೈಗೆ ಕೊಟ್ಟರು. ಬೆರಳಾಡಿಸಿದೆ. ಇಂಚಿಗೊಂದು ದಾರದ ಗಂಟು, ಐದಕ್ಕೊಮ್ಮೆ ಜೋಡಿ ಗಂಟು, ಎಲ್ಲ ಅವರೇ ಹಾಕಿದ್ದು. ಅಂಗಡಿಯಲ್ಲಿ ಮುಖ ತಿರುಗಿಸಿ ಹೆಬ್ಬೆರಳು ಸರಿಸಿದ್ದು ಕಣ್ಣಿಗೆ ಕಟ್ಟಿತು. ಮಂದಿ ನಕ್ಕಾಗ ಅವರೂ ಜೊತೆಗೂಡಿ ನಕ್ಕಿದ್ದರಲ್ಲ.

"ನನಗರೆ ಹೇಳಬಾರದಿತ್ತೇನರಿ?"

"ಕಣ್ಣಿಲ್ಲದ ದರ್ಜಿಗಿ ಯಾರ ಹೊಲಿಯಾಕ ಅರಿವಿ ಕೊಡ್ತಾರ? ದೊಡ್ಡದು ತಗೊಂಡ್ರ ನೀ ಬರದದ್ದು ಇನ್ನೊಂದೆರಡ ವರ್ಷ ಓದಬಹುದು ಅಂತ ಮಾಡಿದ್ದೆ, ಅಷ್ಟೇ."

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಮಕ್ಕಳಿಗೆ ಈ ಗಾದೆಯ ಅರ್ಥ ಎಷ್ಟು ವರ್ಷ ಹೇಳಿಕೊಟ್ಟಿದ್ದೇನೋ, ನನಗೆ ತಿಳಿದದ್ದು ಅವತ್ತು.

ಈಗ ದಿನಾ ಸಂಜೆ ಓದಿ ಹೇಳುತ್ತೇನೆ, ಅವರು ಕೇಳಲಿ ಬಿಡಲಿ. ಇದನ್ನೂ ಈಗ ಓದಿ ಹೇಳಿದೆ. ಸುಮ್ಮನೆ ಕೇಳುತ್ತಿದ್ದವರು 'ದೀಡ ಇಂಚು' ಬಂದಾಗ ಕೈ ಎತ್ತಿದರು.

"ದೀಡ ಅಲ್ಲ. ದೀಡಕ್ಕ ಒಂದ ನೂಲ ಕಡಿಮಿ ಇತ್ತು. ಆವತ್ತ ನಾನೇ ದೀಡ ಅಂದಿದ್ದೆ, ನೀ ದೊಡ್ಡದು ತಗೋಲಿ ಅಂತ. ತಿದ್ದು."

ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, "ತಿದ್ದಿದಿ?"

"ತಿದ್ದಿದ್ನಿರಿ" ಎಂದೆ. ತಿದ್ದಿರಲಿಲ್ಲ. ಕಣ್ಣು ತುಂಬಿ ಪರದೆಯ ಮೇಲಿನ ಒಂದಕ್ಷರವೂ ನನಗೆ ಕಾಣುತ್ತಿರಲಿಲ್ಲ. ಒಂದು ದೀರ್ಘ ಬಿಟ್ಟುಹೋದರೂ ಹಿಡಿಯುತ್ತಿದ್ದವರು, ನನ್ನ ಮಾತು ನಂಬಿ ತಲೆಯಾಡಿಸಿದರು.