ಅಗ್ಗದ ರಿವಾಲ್ವರಿಗೆ ಕುಂಕುಮ ಹಚ್ಚಿದ್ದು

ನನ್ನ ಗಂಡ ರಿವಾಲ್ವರ್ ಕೊಳ್ಳಲು ಹೊರಟದ್ದು ಒಂದು ನೀರಿನ ಮೋಟಾರಿನ ಸಿಟ್ಟಿಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಮ್ಮದೇನೋ ತಲೆತಲಾಂತರದ ಹಗೆತನದ ಮನೆತನ ಅಂದುಕೊಂಡೀರಿ. ನಾವು ಇಬ್ಬರೂ ಜಿರಲೆಗೆ ಚಪ್ಪಲಿ ಎತ್ತಲು ಒಬ್ಬರ ಮುಖ ಒಬ್ಬರು ನೋಡುವ ಜನ.

ವಿಜಯಪುರದ ಹೊರವಲಯದಲ್ಲಿ, ನಮ್ಮಪ್ಪ ತನ್ನ ಹೊಲದಲ್ಲಿ ನನ್ನ ಹೆಸರಿಗೆ ಬರೆದುಕೊಟ್ಟ ಜಾಗದಲ್ಲಿ, ನಮ್ಮದೊಂದು ಮನೆ ಇದೆ. ಕಟ್ಟಿಸಿ, ಗೃಹಪ್ರವೇಶ ಮಾಡಿ, ಬೀಗ ಹಾಕಿ ಮಸ್ಕತ್ತಿಗೆ ಮರಳಿದ್ದೆವು. ವರ್ಷಕ್ಕೊಮ್ಮೆ ರಜೆಗೆ ಹೋಗಿ ಬೀಗ ತೆಗೆಯುವುದು, ಧೂಳು ಒರೆಸುವುದು, ಪರದೆಗಳನ್ನು ಒಗೆದು ಮತ್ತೆ ತೂಗಹಾಕುವುದು, ಇನ್ನೇನು ಮನೆ ಮನೆಯಂತೆ ಕಾಣತೊಡಗಿತು ಅನ್ನುವಷ್ಟರಲ್ಲಿ ಮತ್ತೆ ಬೀಗ. ಕಳೆದ ಸಲ ಹೋದಾಗ ಸಂಪಿನ ಮೋಟಾರ್ ಮಾಯವಾಗಿತ್ತು. ಕಳ್ಳ ಒಳ್ಳೆಯ ಸಂಸ್ಕಾರವಂತ. ನಟ್ಟು ಬೋಲ್ಟುಗಳನ್ನು ಬಿಚ್ಚಿ ಒಂದು ಕಡೆ ಗುಂಪು ಮಾಡಿಟ್ಟು ಮೋಟಾರನ್ನಷ್ಟೇ ಒಯ್ದಿದ್ದ. ಮಸ್ಕತ್ತಿನ ಹತ್ತಿರದ ಬರ್ಕಾದ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಪಂಪುಗಳ ಉಸ್ತುವಾರಿ ನೋಡಿದ ಎಂಜಿನಿಯರನ ಮನೆಯ ಪಂಪನ್ನೇ ಒಯ್ಯುವುದೆಂದರೆ! ನನಗೆ ನಗು ತಡೆಯಲಾಗಲಿಲ್ಲ. ಅವರಿಗೆ ಅದು ಮೋಟಾರಿಗಿಂತ ಹೆಚ್ಚು ಉರಿಯಿತು.

"ರಿವಾಲ್ವರ್ ಇಲ್ಲದ ನಾ ಆ ಮನ್ಯಾಗ ಮಲಗಾಂವಲ್ಲ," ಎಂದು ಮರಳುವ ವಿಮಾನದಲ್ಲೇ ಘೋಷಿಸಿದರು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ನಾನು ಅಣಕಿಸಿದೆ. ಆದರೆ ಒಳಗೊಳಗೇ ಎದೆ ಧಸಕ್ಕೆಂದಿತು. ಯಾಕೆಂದರೆ ಆ ವರ್ಷ ಅವರ ಕಾಂಟ್ರ್ಯಾಕ್ಟು ಮುಗಿಯುವುದಿತ್ತು. ಮುಂದುವರಿಯುತ್ತೀರೋ ಇಲ್ಲವೋ ಚಳಿಗಾಲ ಮುಗಿಯುವುದರೊಳಗೆ ತಿಳಿಸಿ ಎಂದು ಕಂಪನಿ ಕೇಳಿತ್ತು. ಗಲ್ಫಿನಲ್ಲಿ ಇರುವ ಎಲ್ಲರಿಗೂ ಒಂದು ಜಪ ಇದೆ: "ಇನ್ನೊಂದು ವರ್ಷ." ಮಗಳ ಶಾಲೆಗೆ ಇನ್ನೊಂದು ವರ್ಷ, ಕಾಲೇಜಿಗೆ ಇನ್ನೊಂದು ವರ್ಷ, ಮನೆಯ ಮಾಳಿಗೆಗೆ ಇನ್ನೊಂದು ವರ್ಷ. ಈಗ ಮಗಳು ಸಲಾಲಾದಲ್ಲಿ ತಾನೇ ಟೀಚರ್ ಆಗಿದ್ದಾಳೆ, ಮನೆಗೆ ಮಾಳಿಗೆಯೂ ಆಗಿದೆ, ನೆಪಗಳೆಲ್ಲ ತೀರಿವೆ. ನನಗೆ ಊರಿಗೆ ಹೋಗಬೇಕಿತ್ತು. ನನ್ನ ಮನೆಯಲ್ಲಿ, ನನ್ನ ಪರದೆಗಳ ಹಿಂದೆ, ಬೀಗದ ಚಿಂತೆಯಿಲ್ಲದೆ ಬೆಳಗಿನ ಚಹಾ ಕುಡಿಯಬೇಕಿತ್ತು. ಅದು ಈಗ ಒಂದು ರಿವಾಲ್ವರಿನ ಮೇಲೆ ನಿಂತಿತ್ತು.

ಮೊದಮೊದಲು ಅವರ ಉತ್ಸಾಹ ಹೇಳತೀರದು. ಕೆಲಸದಿಂದ ಬಂದು ಬೂಟು ಬಿಚ್ಚುವ ಮೊದಲೇ ವೀಡಿಯೊ. ಯಾರೋ ಗಡ್ಡದವನು ಬಯಲಲ್ಲಿ ನಿಂತು ಡಬ್ಬಿಗಳಿಗೆ ಗುಂಡು ಹೊಡೆಯುತ್ತ ಬಂದೂಕುಗಳ ಗುಣದೋಷ ಹೇಳುತ್ತಿದ್ದ. ಅವರು ಆರಿಸಿದ್ದು ಎಲ್ಲಕ್ಕಿಂತ ಅಗ್ಗದ ಜಾತಿ, ಪಾಯಿಂಟ್ ಟೂ ಟೂ ರಿಮ್‌ಫೈರ್. ಅಂದರೆ ಗುಂಡಿನ ತಳದ ಅಂಚಿಗೆ ಪೆಟ್ಟು ಬಿದ್ದರೆ ಸಿಡಿಯುವ, ಹೆಸರುಕಾಳಿಗಿಂತ ಸ್ವಲ್ಪ ದೊಡ್ಡ ಗುಂಡಿನ ರಿವಾಲ್ವರ್. "ಸಣ್ಣ ಮನಿಗೆ ಸಣ್ಣದ ಸಾಕು, ಸದ್ದೂ ಕಡಿಮಿ," ಎಂದು ಹೊಸ ಅಳಿಯನನ್ನು ಹೊಗಳಿದ ಹಾಗೆ ಹೊಗಳುತ್ತಿದ್ದರು. ಒಮಾನಿನಲ್ಲಿ ನಮ್ಮಂಥ ಪರದೇಶದವರು ಅದರ ಕನಸು ಕಾಣುವ ಹಾಗೂ ಇಲ್ಲ. ಕೊಳ್ಳುವುದಿದ್ದರೆ ಊರಲ್ಲೇ. ಮಾವನವರಿಗೆ ಬಂದೂಕಿನ ಲೈಸೆನ್ಸು ಇದ್ದದ್ದರಿಂದ ಅರ್ಜಿ ಹಾಕಿ ನೋಡಬಹುದು ಎಂದು ವಕೀಲ ಗೆಳೆಯರೊಬ್ಬರು ಧೈರ್ಯ ತುಂಬಿದ್ದರು.

ಅಷ್ಟರಲ್ಲಿ ದಸರೆ ಬಂತು. ನಮ್ಮ ಕಡೆ ಖಂಡೇನವಮಿ ಅಂದರೆ ಮನೆಯ ಆಯುಧಗಳಿಗೆಲ್ಲ ಪೂಜೆ. ಮಾವನವರ ಕಾಲದಲ್ಲಿ ಅವರ ಬಂದೂಕು ದೇವರ ಮುಂದೆ ಚೆಂಡು ಹೂವಿನ ಮಾಲೆ ಹಾಕಿಕೊಂಡು ಕೂರುತ್ತಿತ್ತು. ಮಸ್ಕತ್ತಿನ ಅಲ್ ಮವಾಲೇಹ್‌ನ ನಮ್ಮ ಫ್ಲ್ಯಾಟಿನಲ್ಲಿ ಆಯುಧ ಎಂದರೆ ಕಾರಿನ ಕೀಲಿ, ಅವರ ಸ್ಪ್ಯಾನರ್ ಸೆಟ್ಟು, ಲ್ಯಾಪ್‌ಟಾಪು, ನನ್ನ ಈಳಿಗೆ ಮತ್ತು ಮಿಕ್ಸರ್. ಈ ಸಲ ಅವರು ಎಲ್ಲದರ ನಡುವೆ ಟ್ಯಾಬ್ಲೆಟ್ ತಂದು ನಿಲ್ಲಿಸಿದರು. ಪರದೆಯ ತುಂಬ ಆ ರಿವಾಲ್ವರಿನ ಚಿತ್ರ.

ನಾನು ಸುಮ್ಮನಿರಬಹುದಿತ್ತು. ಸುಮ್ಮನಿರುವ ಜಾಯಮಾನ ನನ್ನದಲ್ಲ. "ಪಾಪ, ಅಗ್ಗದ್ದಾದರೇನು, ದೇವಿಗೆ ಎಲ್ಲಾ ಒಂದ," ಎಂದು ಅದರ ನಳಿಗೆಗೆ ಸರಿಯಾಗಿ ಅರಿಸಿನ ಕುಂಕುಮ ಹಚ್ಚಿ, ಹೂವಿಟ್ಟು, ಹೋಳಿಗೆಯ ನೈವೇದ್ಯವನ್ನೂ ತೋರಿಸಿದೆ. ಇದೆಲ್ಲವನ್ನೂ ಜಮಖಂಡಿಯಿಂದ ವೀಡಿಯೊ ಕಾಲ್‌ನಲ್ಲಿ ನಮ್ಮ ನಾದಿನಿ, ಅಂದರೆ ಇವರ ಅಕ್ಕ, ನೋಡುತ್ತಿದ್ದರು. ನನಗೆ ಅದು ಚೇಷ್ಟೆ. ಅವರಿಗೆ ಪೂಜೆ.

"ತಮ್ಮಾ, ಖಂಡೇನವಮಿ ದಿನ ಪೂಜಿ ಆತಂದ್ರ ಆತು ನೋಡು. ದೇವಿ ಕೈಯಾಗ ಹಿಡದಾಳ. ಇನ್ನ ಬ್ಯಾಡ ಅನ್ನಾಕ ಬರಂಗಿಲ್ಲ. ಅದನ್ನ ಮನಿಗೆ ತರಬೇಕು, ಆ ಮನ್ಯಾಗ ನೀವು ಇರಬೇಕು."

ಅಕ್ಕನ ಮಾತು ಎಂದರೆ ಇವರಿಗೆ ವೇದವಾಕ್ಯ. ನಾನು ನಗುತ್ತ ತಿರುಗಿ ನೋಡಿದೆ. ಇವರ ಮುಖ ಬಿಳಿಚಿತ್ತು.

ಮರುದಿನದಿಂದ ರಿವಾಲ್ವರಿನಲ್ಲಿ ಐಬುಗಳು ಹುಟ್ಟತೊಡಗಿದವು. ನಿನ್ನೆಯವರೆಗೆ ಚಿನ್ನದಂಥ ವಸ್ತು, ಇವತ್ತು ತಗಡು. ನಾನು ದೀಪಾವಳಿಯ ಸುರುಸುರುಬತ್ತಿಯನ್ನೂ ತೋಳುದ್ದ ದೂರ ಹಿಡಿಯುವವಳು. ಆದರೆ ನನ್ನ ಮನೆ ನನಗೆ ಬೇಕಿತ್ತಲ್ಲ! ಹಾಗಾಗಿ ಆ ದರಿದ್ರ ರಿವಾಲ್ವರಿನ ವಕಾಲತ್ತು ನಾನೇ ವಹಿಸಿಕೊಂಡೆ.

"ಅದು ಪೂರಾ ಉಕ್ಕು ಅಲ್ಲಂತ. ಅಗ್ಗದ ಮಿಶ್ರಲೋಹ. ಸವೀತೈತಿ," ಎಂದರು ಊಟಕ್ಕೆ ಕೂತು.

"ನೀವೇನು ಅದನ್ನ ಹಿಡಕೊಂಡು ದಿನಾ ಯುದ್ಧಕ್ಕ ಹೊಂಟೀರೇನು? ಎಣ್ಣಿ ಹಚ್ಚಿ ಕಪಾಟಿನ್ಯಾಗ ಇಡಾವ್ರು. ರೊಟ್ಟಿ ತಿನ್ರಿ."

"ಗುಂಡು ಭಾಳ ಸಣ್ಣದು."

"ಕಳ್ಳರೇನು ಆನಿ ಮ್ಯಾಲೆ ಬರ್ತಾರ? ಮೋಟಾರ್ ಕಳ್ಳಗ ಅಷ್ಟ ಸಾಕು."

ಎರಡು ದಿನ ಬಿಟ್ಟು ಹೊಸದೊಂದು ತಂದರು. "ಈ ರಿಮ್‌ಫೈರ್ ಗುಂಡು ಒಮ್ಮೊಮ್ಮೆ ಸಿಡಿಯಂಗ ಇಲ್ಲಂತ. ಟಿಕ್ ಅಂತೈತಿ, ಅಷ್ಟ. ಕಳ್ಳ ಮುಂದ ನಿಂತಾಗ ಟಿಕ್ ಅಂದ್ರ ಏನ ಮಾಡೂದು?"

"ಮತ್ತೊಮ್ಮೆ ಒತ್ತೂದು. ಗುಂಡಿನ ಗೂಡು ತಿರುಗಿ ಬ್ಯಾರೆ ಗುಂಡು ಮುಂದ ಬರತೈತಿ. ಪಿಸ್ತೂಲಾದ್ರ ಸಿಕ್ಕೊಂಡ ಗುಂಡ ಕೈಲೆ ಎಳದ ತಗೀಬೇಕು. ಇದಕ್ಕ ಆ ಜಂಜಾಟ ಇಲ್ಲ."

ಅವರ ಕೈಯ ತುತ್ತು ಅಲ್ಲೇ ನಿಂತಿತು. "ಇದನ್ನ ಎಲ್ಲೆ ಕಲತಿ?"

"ನೀವು ಊರಿಗೆಲ್ಲ ಕೇಳೂ ಹಂಗ ವೀಡಿಯೊ ಹಚ್ಚತೀರಲ್ರೀ. ನನಗೇನು ಕಿವಿ ಇಲ್ಲೇನು?"

ಕೊನೆಗೆ ಲೈಸೆನ್ಸಿನ ಬ್ರಹ್ಮಾಸ್ತ್ರ ಬಂತು. ಊರಲ್ಲಿ ಕಾಯಂ ವಾಸವಿದ್ದರೆ ಮಾತ್ರ ಅರ್ಜಿ ಹಾಕುವುದು ಒಳ್ಳೆಯದು ಎಂದು ಆ ವಕೀಲರೇ ಹೇಳಿದರಂತೆ. ಅಂದರೆ ಅಲ್ಲಿ ವಾಸವಿಲ್ಲದೆ ರಿವಾಲ್ವರ್ ಇಲ್ಲ, ರಿವಾಲ್ವರ್ ಇಲ್ಲದೆ ಇವರು ಅಲ್ಲಿ ವಾಸ ಮಾಡುವುದಿಲ್ಲ. ಹುಚ್ಚು ಬಿಡದೆ ಮದುವೆ ಆಗುವುದಿಲ್ಲ, ಮದುವೆ ಆಗದೆ ಹುಚ್ಚು ಬಿಡುವುದಿಲ್ಲ ಎನ್ನುವ ಗಾದೆ ಮಾಡಿದವರು ನಮ್ಮ ಮನೆಗೆ ಬಂದು ಹೋಗಿರಬೇಕು.

ಕೆಳಗಡೆಯ ಕಿರಾಣಿ ಅಂಗಡಿಯ ಬ್ಯಾರಿ ಅಣ್ಣ ಬಂಟ್ವಾಳದ ಕಡೆಯವರು, ನನಗೆ ಇಲ್ಲಿ ತವರಿನಷ್ಟೇ ಹತ್ತಿರ. ಕೊತ್ತಂಬರಿ ಕೊಡುತ್ತ ಕಥೆಯೆಲ್ಲ ಕೇಳಿ ತಲೆ ಕೆರೆದುಕೊಂಡರು.

"ಎಂತ ಅಕ್ಕ, ಸಾರ್ ಒಂದು ಮೋಟಾರಿಗೆ ಬೇಕಾಗಿ ಪಿಸ್ತೂಲ್ ತೆಗೀಲಿಕ್ಕೆ ಹೊರಟದ್ದಾ? ಒಂದು ನಾಯಿ ಸಾಕ್ಲಿಕ್ಕೆ ಹೇಳಿ ಮಾರಾಯ್ತಿ. ಅದಕ್ಕೆ ಲೈಸೆನ್ಸ್ ಕೂಡ ಬೇಡ. ಖಲಾಸ್!"

ನಾಯಿಯ ಸಲಹೆಯನ್ನು ಮೇಲೆ ತಂದು ಹೇಳಿದೆ. "ಸೀನು ಬರತಾವು," ಎಂದರು ಇವರು. ಸಲಾಲಾದಿಂದ ಮಗಳು ಫೋನಿನಲ್ಲಿ, "ಅಪ್ಪಾ, ಆರ್ ಯೂ ಸೀರಿಯಸ್? ಜಸ್ಟ್ ಪುಟ್ ಎ ಕ್ಯಾಮೆರಾ," ಎಂದಳು. "ಕರೆಂಟ್ ಹೋಗತೈತಿ," ಎಂದರು. ಆಗ ನನಗೆ ಮೊದಲ ಸಲ ಅನುಮಾನ ಬಂತು. ಕಳ್ಳನ ಭಯ ಇರುವವನು ನಾಯಿಯನ್ನೂ ಬಿಡುವುದಿಲ್ಲ, ಕ್ಯಾಮೆರಾವನ್ನೂ ಬಿಡುವುದಿಲ್ಲ. ಈ ಮನುಷ್ಯನಿಗೆ ಬೇಕಾಗಿರುವುದು ಉಪಾಯವಲ್ಲ, ಅಡ್ಡಿ. ಆದರೆ ಯಾತಕ್ಕೆ ಎಂದು ಹೊಳೆಯಲಿಲ್ಲ, ಕೇಳಿದರೆ ಹೇಳುವ ಪೈಕಿಯೂ ಅಲ್ಲ.

ಕಂಪನಿಗೆ ಉತ್ತರ ಕೊಡುವ ದಿನ ಹತ್ತಿರ ಬರುತ್ತಿತ್ತು. ಹೆಣ್ಣು ನೋಡದೆಯೇ ಮೂಗು ಡೊಂಕು ಎಂದರೆ ಹೇಗೆ? ಮಸ್ಕತ್ತಿನ ಹೊರಗೆ ಗುಡ್ಡದ ಬುಡದಲ್ಲಿ, ಗುರುತಿನ ಚೀಟಿ ತೋರಿಸಿ ಶುಲ್ಕ ಕಟ್ಟಿದರೆ ಉಸ್ತುವಾರಿಯಲ್ಲಿ ಗುಂಡು ಹಾರಿಸಲು ಬಿಡುವ ಒಂದು ಜಾಗ ಇದೆ. ಅಲ್ಲಿ ಟೂ ಟೂ ರಿವಾಲ್ವರ್ ಸಿಗುತ್ತದೆ ಎಂದು ನಾನೇ ಫೋನು ಮಾಡಿ ಖಾತ್ರಿ ಮಾಡಿಕೊಂಡು, ಶನಿವಾರ ಬೆಳಿಗ್ಗೆ ಅವರನ್ನು ಹೊರಡಿಸಿದೆ. ಹಲ್ಲಿನ ಡಾಕ್ಟರ ಬಳಿ ಹೋಗುವವರ ಹಾಗೆ ಬಂದರು.

ಅಲ್ಲಿನ ಉಸ್ತಾದ ಹರೆಯದ ಒಮಾನಿ. ನಮ್ಮ ಜೊತೆ ಹಿಂದಿಯಲ್ಲೇ ಮಾತಾಡಿದ. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಹಾಕಿಸಿ, ನಳಿಗೆ ಯಾವಾಗಲೂ ಮುಂದಕ್ಕೇ ಇರಬೇಕು ಎಂದು ಮತ್ತೆ ಮತ್ತೆ ಹೇಳಿದ. ಮೊದಲು ಇವರು. ಮೊದಲ ಗುಂಡಿಗೆ ಕಣ್ಣು ಮುಚ್ಚಿದರು, ಎರಡನೆಯದಕ್ಕೂ ಮುಚ್ಚಿದರು. ಎದುರಿನ ಕಾಗದದ ಒಂದು ಮೂಲೆಗೆ ತೂತು ಬಿತ್ತು, ಉಳಿದವೆಲ್ಲ ಗುಡ್ಡದ ಪಾಲು.

"ಟ್ರಿಗರ್ ಭಾಳ ಬಿಗಿ. ಹಿಂಗಾದ್ರ ಗುರಿ ಎಲ್ಲೆ ಕೂಡತೈತಿ?"

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಸೆರಗು ಸಿಕ್ಕಿಸಿ ಮುಂದೆ ಬಂದೆ. ಸುಳ್ಳು ಯಾಕೆ ಹೇಳಲಿ, ದೇವಿಯ ಹೆಸರು ಹೇಳಿಕೊಂಡೇ ಎರಡೂ ಕೈಯಲ್ಲಿ ಹಿಡಿದೆ. ಒತ್ತಿದೆ. ಟಿಕ್! ಗುಂಡು ಸಿಡಿಯಲಿಲ್ಲ.

"ಮಾಮಾ, ಹಿಲ್ನಾ ಮತ್," ಎಂದ ಉಸ್ತಾದ. ಮಾಮಾ ಅಂದರೆ ಇಲ್ಲಿ ಅಮ್ಮ. ಅಲುಗಾಡದೆ ಗುರಿಯ ಕಡೆಗೇ ಹಿಡಿದು ನಿಲ್ಲಿಸಿದ. ಕೆಲವು ಗುಂಡು ತಡವಾಗಿ ಸಿಡಿಯುವುದುಂಟಂತೆ. ಸ್ವಲ್ಪ ಹೊತ್ತಿನ ಮೇಲೆ, "ಯಲ್ಲಾ, ಫಿರ್ ಸೇ." ನಾನು ಮತ್ತೊಮ್ಮೆ ಒತ್ತಿದೆ. ಢಂ! ಕಾಗದದ ನಡುವಿನ ಕಪ್ಪು ಬೊಟ್ಟಿನ ಪಕ್ಕದಲ್ಲೇ ತೂತು. ಮುಂದಿನವೂ ಅಲ್ಲೇ ಆಸುಪಾಸು. ಟ್ರಿಗರ್ ಬಿಗಿಯಂತೆ, ಬಿಗಿ! ಜೋಳದ ರೊಟ್ಟಿ ಬಡಿದ ಕೈಗೆ ಅದೇನು ಲೆಕ್ಕ. ಉಸ್ತಾದ "ಮಾಶಾ ಅಲ್ಲಾಹ್!" ಎಂದು ಕಾಗದವನ್ನು ಬಿಚ್ಚಿ ನನ್ನ ಕೈಗೇ ಕೊಟ್ಟ. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಗೆದ್ದೆ, ಇನ್ನು ಮನೆಗೆ ಹೋಗುವುದೇ ಎಂದು ಕುಣಿಯುತ್ತ ಕಾರಿಗೆ ಬಂದೆ.

ಇವರು ಕೂತರು, ಕೀಲಿ ತಿರುಗಿಸಲಿಲ್ಲ. ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಗುಡ್ಡ ನೋಡುತ್ತಿದ್ದರು.

"ಏನ್ರೀ, ತಗೊಳ್ಳಾಕ ಅಡ್ಡಿ ಇಲ್ಲ ಹೌದಿಲ್ಲೋ?"

"ಇಲ್ಲ. ಇನ್ನ ಅದರಾಗ ನನಗ ಯಾವ ತಪ್ಪೂ ಸಿಗವಲ್ದು," ಎಂದರು. ದನಿ ಎಷ್ಟು ಸಣ್ಣಗಿತ್ತೆಂದರೆ ನನ್ನ ನಗು ಅಲ್ಲೇ ಉಡುಗಿತು.

ಗುಡ್ಡದ ಮೇಲಿನ ಕಣ್ಣು ತೆಗೆಯದೆ ಅವರೇ ಹೇಳಿದರು. "ಕಳ್ಳಂದೇನೂ ಅಂಜಿಕಿ ಇಲ್ಲ. ಹೋದ ಸಲ ಊರಿಗೆ ಹೋದಾಗ ಬಸ್ ಸ್ಟ್ಯಾಂಡ್ ಮುಂದ ಚಾ ಕುಡಿಯಾಕ ನಿಂತಿದ್ದೆ. ಚಾದಾಂವ ಕೇಳಿದ, 'ಯಾವ ಊರಾವ್ರೀ ಸಾಹೇಬ್ರ?' ನಾ ಕಲತ ಸಾಲಿ ಅಲ್ಲೆ ಎದುರಿಗೆ ಕಾಣತಿತ್ತು. ಬಾಯಿ ಕಟ್ಟಿಧಂಗಾತು. ಇಲ್ಲೆ ಪರದೇಶಿ ಅಂತ ರೂಢಿ ಆಗೈತಿ, ಯಾರೂ ತಪ್ಪು ತಿಳಕೊಳ್ಳಂಗಿಲ್ಲ. ಊರಾಗೂ ಪರದೇಶಿ ಆದೆ ಅಂದ್ರ ಮುಂದ ಎಲ್ಲೆ ಹೋಗ್ಲಿ?"

ನನಗೆ ಸಿಟ್ಟು ಬಂತು, ಇಷ್ಟು ತಿಂಗಳು ಇದನ್ನು ಒಳಗಿಟ್ಟುಕೊಂಡು ನನ್ನನ್ನು ಮಿಶ್ರಲೋಹ, ಉಕ್ಕು ಅಂತ ಅಲೆದಾಡಿಸಿದರಲ್ಲ ಎಂದು. ಕೈಯಲ್ಲಿದ್ದ ತೂತಿನ ಕಾಗದವನ್ನು ಮಡಚಿ ಚೀಲಕ್ಕೆ ತುರುಕಿದೆ.

"ನನಗೂ ಕೇಳ್ಯಾರ," ಎಂದೆ. "ನಮ್ಮನಿ ತಿರುವಿನ್ಯಾಗ ಕಾಯಿಪಲ್ಲೆ ಮಾರತಾಳಲ್ಲ, ಆಕಿ. 'ಯಾವ ಊರಾಕಿಬೇ ನೀ, ಹೊಸಬಳ ಕಾಣತಿ,' ಅಂದ್ಲು. ನಮ್ಮಪ್ಪನ ಹೊಲದಾಗ ನಿಂತಿದ್ದೆ ನಾ."

ಅವರು ಥಟ್ಟನೆ ನನ್ನ ಕಡೆ ತಿರುಗಿದರು. "ನೀ ಏನಂದಿ?"

"ಏನನ್ನೂದು? 'ಎರಡ ಸಿವುಡ ಮೆಂತೆಪಲ್ಲೆ ಕೊಡವಾ, ನಾಳೆ ಬಂದ ಹೇಳತೀನಿ,' ಅಂದೆ."

ಅವರಿಗೆ ನಗು ಬಂತು. ಕಣ್ಣೊರೆಸಿಕೊಳ್ಳುತ್ತ, "ಮರುದಿನ ಹೋಗಿ ಏನ ಹೇಳಿದಿ ಮತ್ತ?" ಎಂದರು.

"ಎಲ್ಲೆ ಹೋಗಲ್ರೀ? ಮರುದಿನ ನಮ್ಮ ವಿಮಾನ ಇತ್ತಲ್ಲ."

ನಗು ನಿಂತಿತು. ಆಮೇಲೆ ಅವರು ಕಾರು ಚಾಲೂ ಮಾಡಿ, ಹಿಂದೆ ನೋಡುತ್ತ ನಿಧಾನಕ್ಕೆ ತಿರುಗಿಸಿದರು.

"ಹೋಗಿ ಹೇಳೂಣು ನಡಿ," ಎಂದರು. "ಪಾಪ, ಆಕಿ ಕಾಯಾಕತ್ತಿರಬೇಕು."