ಹಗ್ಗ ಬಿಡದವನ ಬಿಲ್ಲೆ

ಯುದ್ಧದಲ್ಲಿ ಗಾಯವಾದರೂ ಕೈಯಲ್ಲಿದ್ದ ಹಗ್ಗ ಬಿಡಲಿಲ್ಲವೆಂದು ಸರ್ಕಾರ ನನಗೊಂದು ಪದಕ ಕೊಟ್ಟಿತು. ನಮ್ಮೂರಲ್ಲಿ ಅದಕ್ಕೆ ಬಿಲ್ಲೆ ಎನ್ನುತ್ತಿದ್ದರು. ಹಗ್ಗ ಬಿಡಲಿಲ್ಲ ಎಂಬುದೇನೋ ನಿಜ. ಯಾಕೆ ಬಿಡಲಿಲ್ಲ ಎಂದು ಮಾತ್ರ ಯಾರೂ ಕೇಳಲಿಲ್ಲ. ನಾನಾಗಿಯೇ ಹೇಳಲು ಹೋದರೆ ಯಾರಿಗೂ ಅದು ಬೇಕಾಗಿರಲಿಲ್ಲ.

ನಮ್ಮದು ಹಾನಗಲ್ಲ ತಾಲೂಕಿನಲ್ಲಿ ಆಡೂರಿಗೆ ಹತ್ತಿರದ ಹಳ್ಳಿ. ಭತ್ತ ಬೆಳೆಯುವ ಮನೆ. ಕೊಟ್ಟಿಗೆಯಲ್ಲಿ ಯಾವಾಗಲೂ ಒಂದು ಜೋರಿನ ಹೋರಿ ಇರಲೇಬೇಕು, ಇಲ್ಲದಿದ್ದರೆ ಅಪ್ಪನಿಗೆ ಅನ್ನ ಇಳಿಯುತ್ತಿರಲಿಲ್ಲ. ನಮ್ಮ ಕಡೆ ದೀಪಾವಳಿಗೆ ಹೋರಿ ಬೆದರಿಸುತ್ತಾರೆ. ಕೊರಳಿಗೆ ಕೊಬ್ಬರಿ ಸರ ಕಟ್ಟಿ ಮಂದಿಯ ನಡುವೆ ಓಡಲು ಬಿಡುವುದು, ಸರ ಹರಿದವನೇ ಗಂಡು. ಆದರೆ ಓಡಿಸುವ ಜಾಗ ಮುಟ್ಟುವ ಮೊದಲೇ ಹೋರಿ ತಪ್ಪಿಸಿಕೊಂಡಿತೋ, ಅದನ್ನು ಹಿಡಿದು ತರುತ್ತಿದ್ದವನಿಗೆ ಮುಂದಿನ ದೀಪಾವಳಿಯವರೆಗೆ ಊರಲ್ಲಿ ಮುಖವಿಲ್ಲ. ಅದಕ್ಕೇ ನಾವೆಲ್ಲ ಹಗ್ಗವನ್ನು ಮಣಿಕಟ್ಟಿಗೆ ಬಿಗಿಯಾಗಿ ಸುತ್ತಿಕೊಂಡು ತುದಿಯನ್ನು ಮುಷ್ಟಿಯಲ್ಲಿ ಹಿಡಿಯುತ್ತಿದ್ದೆವು. "ಕೈ ಹೋದ್ರ ಹೋಗ್ಲಿ, ಹಗ್ಗ ಹೋಗಬಾರ್ದು," ಎನ್ನುತ್ತಿದ್ದ ಅಪ್ಪ. ಮಕ್ಕಳ ಕೈಗಿಂತ ಹೋರಿ ದೊಡ್ಡದು ಅವನಿಗೆ.

ಆ ಅಪ್ಪನ ಮೇಲೆ ಮುನಿಸಿಕೊಂಡೇ ನಾನು ಸೈನ್ಯಕ್ಕೆ ಸೇರಿದೆ. ದೇಶಕ್ಕಾಗಿಯೂ ಅಲ್ಲ, ರಾಜನಿಗಾಗಿಯೂ ಅಲ್ಲ. ಶಿಗ್ಗಾಂವಿಗೆ ಭರ್ತಿಯವರು ಬಂದಿದ್ದಾರೆಂದು ಕೇಳಿ, ಬುತ್ತಿ ಕೂಡ ಕಟ್ಟಿಕೊಳ್ಳದೆ ಹೊರಟೆ. ಡಾಕ್ಟರು ಎದೆ ತಟ್ಟಿ ನೋಡಲೆಂದು ಅಂಗಿ ಕಳೆದು ನಿಂತವರ ಸಾಲಿನಲ್ಲಿ ನನ್ನ ಮುಂದಿದ್ದವನು ಸವಣೂರಿನ ಮುಸಲ್ಮಾನರ ಹುಡುಗ. ಅವರದು ವೀಳ್ಯದೆಲೆ ತೋಟದ ಮನೆತನ. ಅವನು ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಯಾಕ್ರಿ ಗೌಡ್ರ, ನಿಮ್ಮನ್ಯಾಗ ಊಟಕ್ಕ ಕಡಿಮಿ ಆತೇನು?"

"ಊಟಕ್ಕೇನ ಕಡಿಮಿಲ್ಲ. ಅಪ್ಪನ ಬೈಗಳ ಹೆಚ್ಚಾಗೇತಿ."

ಅವನು ನಕ್ಕ ರಭಸಕ್ಕೆ ಡಾಕ್ಟರು ಗದರಿದರು. ಅಂದಿನಿಂದ ಅವನು ನನ್ನ ದೋಸ್ತ.

ದನಕರುಗಳ ನಡುವೆ ಬೆಳೆದವನೆಂದು ನನ್ನನ್ನು, ಮೈಕಟ್ಟು ನೋಡಿ ಅವನನ್ನು, ಹೇಸರಗತ್ತೆಗಳನ್ನು ನಡೆಸುವ ಕೆಲಸಕ್ಕೆ ಹಾಕಿದರು. ಮೋಟಾರು ಹತ್ತದ ಗುಡ್ಡಗಳಿಗೆ ಮದ್ದುಗುಂಡು, ನೀರು, ಹಿಟ್ಟು ಹೊತ್ತೊಯ್ಯುವುದು ಅವೇ. ಮೊದಲ ಪಾಠವೇ, ಹಗ್ಗವನ್ನು ಎಂದಿಗೂ ಕೈಗೆ ಸುತ್ತಿಕೊಳ್ಳಬಾರದು, ಪ್ರಾಣಿ ಬೆದರಿದರೆ ಬಿಟ್ಟುಬಿಡಬೇಕು ಎಂಬುದು. ಸವಣೂರಿನವನು ಅದನ್ನು ಒಂದೇ ದಿನದಲ್ಲಿ ಕಲಿತ. ಅವನ ಮನೆಯಲ್ಲಿ ಹೋರಿ ಇರಲಿಲ್ಲ, ಕೆಟ್ಟ ರೂಢಿಯೂ ಇರಲಿಲ್ಲ. ನನಗೆ ಉಸ್ತಾದ ಬೆತ್ತದಿಂದ ಬಾರಿಸಿ ಬಾರಿಸಿ ಕಲಿಸಿದ. ಅವನೆದುರು ಬಿಚ್ಚುತ್ತಿದ್ದೆ, ಅವನು ಆ ಕಡೆ ಹೋದೊಡನೆ ಕೈ ತನ್ನಷ್ಟಕ್ಕೆ ಸುತ್ತಿಕೊಳ್ಳುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗೆ.

ಬರ್ಮಾದ ಗಡಿಯ ಒಂದು ಗುಡ್ಡದಲ್ಲಿ ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಮೇಲಿನ ನಮ್ಮವರ ಚೌಕಿಯಲ್ಲಿ ಮದ್ದುಗುಂಡು ಮುಗಿದಿತ್ತು. ನಾವು ಸಾಲಾಗಿ ಏರುತ್ತಿದ್ದೆವು, ನಾನು ಮುಂದೆ, ಅವನು ನನ್ನ ಹಿಂದೆ. ಇದ್ದಕ್ಕಿದ್ದಂತೆ ಜಪಾನಿಯರ ತೋಪಿನ ಗುಂಡುಗಳು ದಾರಿಯ ಮೇಲೆ ಬೀಳತೊಡಗಿದವು. ಒಂದು ಚೂರು ನನ್ನ ತೊಡೆ ಹೊಕ್ಕಿತು. ನನ್ನ ಹೇಸರಗತ್ತೆ ಬೆದರಿತು. ಬೆದರಿದ ಪ್ರಾಣಿ ಹಿಂದಕ್ಕೆ ಓಡಬೇಕು. ಈ ಮೂಳ ಮುಂದಕ್ಕೆ ಓಡಿತು, ಗುಡ್ಡದ ಮೇಲಕ್ಕೆ, ಚೌಕಿಯ ಕಡೆಗೆ. ಹಗ್ಗ ನನ್ನ ಮಣಿಕಟ್ಟಿನಲ್ಲಿ ಸುತ್ತಿಕೊಂಡಿತ್ತು. ಅದನ್ನು ಬಿಡಿಸಿಕೊಳ್ಳಲು ಒದ್ದಾಡಿದೆ, ಕೂಗಿ ಕೂಗಿ ಗಂಟಲು ಹರಿಯಿತು. ಕಲ್ಲು ಮುಳ್ಳುಗಳ ಮೇಲೆ ಅದು ನನ್ನನ್ನು ಎಳೆದುಕೊಂಡು ಹೋಯಿತು. ಭುಜ ಕಳಚಿತು, ಎರಡು ಬೆರಳು ಕಿತ್ತುಹೋದವು, ಪಕ್ಕೆಯ ಚರ್ಮ ಸುಲಿಯಿತು.

ಸವಣೂರಿನವನು ತನ್ನ ಹೇಸರಗತ್ತೆಯನ್ನು ಬಿಟ್ಟು, ಚಾಕು ಹಿಡಿದು ನನ್ನ ಬೆನ್ನಟ್ಟಿ ಬಂದ. ಅಂದರೆ ಗುಂಡು ಬೀಳುತ್ತಿದ್ದ ಕಡೆಗೇ ಓಡಿ ಬಂದ. ಚೌಕಿಯ ಹತ್ತಿರ ಹಗ್ಗ ಕೊಯ್ದು ನನ್ನನ್ನು ಬಿಡಿಸಿದ. ಕೊಯ್ಯುವಾಗ ನನ್ನ ಮೇಲೆ ಬಾಗಿದ್ದನಲ್ಲ, ಆಗ ಮತ್ತೊಂದು ಗುಂಡು ಸಿಡಿದು ಅವನ ಬೆನ್ನು ತುಂಬ ಚೂರುಗಳು ಹೊಕ್ಕವು. ನನಗೆ ತಗಲಬೇಕಾದವು ಅವು.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ನಾನು ಶೂರನಾಗಿಬಿಟ್ಟಿದ್ದೆ. ಚೌಕಿಯ ಬಿಳಿ ಸಾಹೇಬನಿಗೆ ಕಂಡದ್ದು ಇಷ್ಟು: ತೊಡೆಗೆ ಪೆಟ್ಟು ಬಿದ್ದ ಸಿಪಾಯಿಯೊಬ್ಬ ಹಗ್ಗ ಬಿಡದೆ ಮದ್ದುಗುಂಡು ಮೇಲೆ ಮುಟ್ಟಿಸಿದ. ಮತ್ತೊಬ್ಬ ತನ್ನ ಪ್ರಾಣಿಯನ್ನು ಕೈಬಿಟ್ಟ, ಅದು ಹೊರೆಸಮೇತ ಕಣಿವೆಗೆ ಬಿತ್ತು, ಇವನಿಗೆ ಗಾಯವಾದದ್ದು ಬೆನ್ನಿಗೆ. ನಾನು ಹವಾಲ್ದಾರನನ್ನು ಕರೆದು ನನಗೆ ಬರುತ್ತಿದ್ದ ಹರಕು ಹಿಂದುಸ್ತಾನಿಯಲ್ಲಿ ಎಲ್ಲ ಹೇಳಿದೆ, ಸಾಹೇಬರಿಗೆ ತಿಳಿಸಿ ಎಂದು ಕೈಮುಗಿದೆ, ಉಳಿದಿದ್ದ ಬೆರಳುಗಳಿಂದಲೇ. ಅವನು ತಲೆ ಅಲ್ಲಾಡಿಸಿದ. ಹಗ್ಗ ಸುತ್ತಿಕೊಂಡದ್ದೂ ತಪ್ಪೇ, ಪ್ರಾಣಿ ಬಿಟ್ಟದ್ದೂ ತಪ್ಪೇ, ಬಾಯಿ ಬಿಟ್ಟರೆ ಇಬ್ಬರಿಗೂ ಸಜಾ, ಸುಮ್ಮನೆ ಮಲಗು ಎಂದ. ಬಿಳಿಯರು ಒಮ್ಮೆ ಬರೆದದ್ದನ್ನು ಅಳಿಸುವುದಿಲ್ಲ ಎಂದೂ ಹೇಳಿದ.

ಸವಣೂರಿನವನನ್ನು ಕೆಲಸಕ್ಕೆ ಬಾರದವನೆಂದು ಮನೆಗೆ ಕಳಿಸಿದರು. ನನ್ನನ್ನೂ ಕಳಿಸಿದರು, ಬಿಲ್ಲೆಯ ಜೊತೆಗೆ. ಹಾನಗಲ್ಲ ಕಚೇರಿಯ ಮುಂದೆ ಖುರ್ಚಿ ಹಾಕಿಸಿ ಮಾಮಲೇದಾರರು ಭಾಷಣ ಮಾಡಿದರು. ಪ್ರತಿ ಮನೆಯಿಂದ ಇಂಥ ಒಬ್ಬ ಮಗ ಬರಬೇಕೆಂದರು. ಅಪ್ಪ ಹೊಸ ರುಮಾಲು ಸುತ್ತಿಕೊಂಡು ಬಂದಿದ್ದ. ನಾನು ಅವನ ಕಿವಿಯಲ್ಲಿ, "ಅಪ್ಪಾ, ಹಗ್ಗ ಕೈಗೆ ಸುತ್ತಿಕೊಂಡಿದ್ದೆ, ಬಿಡಾಕ ಬರಲಿಲ್ಲ," ಎಂದೆ. "ನಾ ಕಲಿಸಿದ್ದು ಉಪಯೋಗ ಆತು ನೋಡು," ಎಂದು ಅವನು ಮೀಸೆ ತಿರುವಿದ. ಇಂಥವರಿಗೆ ಏನು ಹೇಳುವುದು? ಚಳವಳಿಯಲ್ಲಿ ಜೇಲು ಕಂಡು ಬಂದಿದ್ದ ಊರಿನ ಕೆಲವು ಹುಡುಗರು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು, ಸರ್ಕಾರದ ನಾಯಿ ಎನ್ನುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಬಿಲ್ಲೆಗೆ ಸರಿಯಾದ ಬೆಲೆ ಕಟ್ಟಿದವರು ಅವರಷ್ಟೇ, ಕಾರಣ ಬೇರೆಯಾದರೂ.

ಬಿಲ್ಲೆಯ ಸುದ್ದಿ ಹಿರೇಕೆರೂರಿನವರೆಗೆ ಹೋಯಿತು. ಅಲ್ಲಿಯ ಅನುಕೂಲಸ್ಥರೊಬ್ಬರು ತಾವಾಗಿ ಹೆಣ್ಣು ಕೊಡಲು ಬಂದರು. ಬೆರಳಿಲ್ಲದ, ಕುಂಟುವ ಗಂಡಿಗೆ ಆ ಮನೆತನದಿಂದ ಹೆಣ್ಣು ಬರುವುದೆಂದರೆ ಅವ್ವ ಎಲ್ಲ ದೇವರಿಗೂ ಕಾಯಿ ಒಡೆಸಿದಳು. ಮದುವೆ ನಮ್ಮೂರಲ್ಲೇ. ಬೀಗರು ಬಂಡಿ ಕಟ್ಟಿಕೊಂಡು ಮದುವೆಯ ಹಿಂದಿನ ದಿನವೇ ಬಂದರು. ಸವಣೂರಿನಿಂದ ನನ್ನ ದೋಸ್ತನೂ ಬಂದ, ತನ್ನ ತೋಟದ ಎಲೆಗಳನ್ನು ಬುಟ್ಟಿ ತುಂಬ ತಂದಿದ್ದ. ಬುಟ್ಟಿಯನ್ನು ಬೆನ್ನಿಗೆ ಹೊರಲಾರದೆ ಬೇರೆಯವರ ತಲೆಯ ಮೇಲೆ ಹೊರಿಸಿಕೊಂಡು ಬಂದಿದ್ದ.

ನಮ್ಮ ಮನೆತನದಲ್ಲಿ ಮದುವೆಗೆ ಮೊದಲು ವೀರಭದ್ರನ ಗುಗ್ಗಳದ ಮೆರವಣಿಗೆ ಹೊರಡಿಸಬೇಕು. ಪುರವಂತರು ಕತ್ತಿ ಹಿಡಿದು ಕುಣಿಯುತ್ತ ದೇವರ ಒಡಪು ಹೇಳುತ್ತಾರೆ, ಹರಕೆ ಹೊತ್ತವರು ಕೆನ್ನೆಗೆ ಶಸ್ತ್ರ ಚುಚ್ಚಿಸಿಕೊಳ್ಳುತ್ತಾರೆ. ಅಂದು ನಮ್ಮ ಕಾಕಾ ಚುಚ್ಚಿಸಿಕೊಂಡ. ಆಮೇಲೆ ಗಾಯಕ್ಕೆ ಭಸ್ಮ ಒತ್ತಿಕೊಂಡು ಹಂದರದ ಮೂಲೆಯಲ್ಲಿ ಕೂತು ಬೀಡಿ ಸೇದಿದ. ಅವನಿಗೆ ಯಾರೂ ಬಿಲ್ಲೆ ಕೊಡಲಿಲ್ಲ, ಅವನೂ ಕೇಳಲಿಲ್ಲ. ಪುರವಂತ ಮಾತ್ರ ಅಪ್ಪನಿಂದ ಹೇಳಿಸಿಕೊಂಡಿದ್ದನೋ ಏನೋ, ಒಡಪಿನ ಕೊನೆಗೆ ತನ್ನದೊಂದು ಮಾತು ಜೋಡಿಸಿದ: ಕಾಳಗದಾಗ ಕೈ ಹರಿದರೂ ಹಗ್ಗ ಬಿಡದ ಗಂಡುಗಲಿ ಈ ಮದುಮಗ ಎಂದು. ಮಂದಿ ಹೋ ಎಂದಿತು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

ಆಮೇಲೆ ಎಲ್ಲರೂ ಹಂದರದಲ್ಲಿ ಕೂತಾಗ ಹುಡುಗಿಯ ಸೋದರಮಾವ ಸವಣೂರಿನವನನ್ನು ಮಾತಿಗೆಳೆದ.

"ಸಾಬ್ರ, ನೀವೂ ಇವರ ಜೋಡಿನ ಇದ್ರಂತ. ನಿಮಗೆಲ್ಲಿ ಆಗೇತ್ರಿ ಗಾಯ?"

"ಬೆನ್ನಿಗ್ರಿ."

"ಓಡೋರಿಗೆ ಅಲ್ಲೇ ಆಗೂದು, ಬಿಡ್ರಿ."

ಹಂದರವೆಲ್ಲ ನಕ್ಕಿತು. ಅವನೂ ನಕ್ಕ, ಕೆಳಗೆ ನೋಡುತ್ತ. ನಾನು ಎದ್ದು ನಿಂತೆ. ಅರಿಷಿಣ ಹಚ್ಚಿದ ಮೈಯಲ್ಲಿ, ಬೀಗರೆಲ್ಲರ ಎದುರಿಗೆ, ಹಗ್ಗ ಸುತ್ತಿಕೊಂಡದ್ದರಿಂದ ಹಿಡಿದು ಅವನು ಚಾಕು ಹಿಡಿದು ಓಡಿ ಬಂದದ್ದರವರೆಗೆ ಒಂದೂ ಬಿಡದೆ ಹೇಳಿದೆ. "ಈ ಬಿಲ್ಲಿ ನಂದಲ್ರಿ, ಅವಂದು. ನಾ ಹಗ್ಗ ಬಿಡಾಕ ಒದರಾಡಿದಾಂವ," ಎಂದೆ. ಮಾವನಾಗಬೇಕಾದವರು ಅಪ್ಪನ ಮುಖ ನೋಡಿದರು. ಒಬ್ಬ ಮುದುಕ, "ಹೊಳ್ಳಿ ಹೋಗಾಕ ಬಂಡಿ ಹೂಡೂಣೇನು?" ಎಂದು ಪಕ್ಕದವನನ್ನು ಕೇಳಿದ್ದು ನನಗೂ ಕೇಳಿಸಿತು. ಒಳಗೆ ಅವ್ವ ಗೋಡೆ ಹಿಡಿದು ಕೂತಳಂತೆ.

ಆಗ ಸವಣೂರಿನವನು ಎದ್ದ. ಬೆನ್ನಿನಿಂದಾಗಿ ಅವನು ನಿಧಾನಕ್ಕೆ ಏಳಬೇಕಾಗುತ್ತಿತ್ತು.

"ಮದುಮಗ ದೊಡ್ಡ ಮನಸ್ಸಿನಾಂವ ಅದಾನ್ರಿ," ಎಂದ. "ನನ್ನ ಮಾನ ಕಾಯಾಕ ಹಂಗ ಹೇಳಾಕತ್ತಾನ. ಓಡಿದಾಂವ ನಾನ. ಅಂವಾ ಹಗ್ಗ ಬಿಡಲಿಲ್ಲ, ನಾ ಕಣ್ಣಾರ ನೋಡೇನಿ."

ಎಲ್ಲರಿಗೂ ಹೋದ ಜೀವ ಬಂದಂತಾಯಿತು. ಮಾವನವರು ನನ್ನ ಬೆನ್ನು ತಟ್ಟಿ, ತುಂಬಿದ ಕೊಡ ತುಳುಕುವುದಿಲ್ಲ ಎಂದರು. ನಾನು ಮತ್ತೆ ಬಾಯಿ ತೆರೆದೆ. ಅಪ್ಪ ನನ್ನ ಭುಜ, ಕಳಚಿದ್ದ ಭುಜವನ್ನೇ, ಒತ್ತಿ ಕೂಡಿಸಿದ. ಮರುದಿನ ನಮ್ಮ ತಲೆಯ ಮೇಲೆ ಅಕ್ಕಿಕಾಳು ಬಿದ್ದವು. ಸವಣೂರಿನವನು ಅಷ್ಟು ಹೊತ್ತಿಗೆ ಹೊರಟುಹೋಗಿದ್ದ. ಅವನು ತಂದ ಎಲೆಯನ್ನೇ ಎಲ್ಲರಿಗೂ ತಾಂಬೂಲಕ್ಕೆ ಕೊಟ್ಟರು.

ಮದುವೆಯಾದ ಮೇಲೆ ನಾನು ಸವಣೂರಿಗೆ ಹೋಗಹತ್ತಿದೆ. ಇದ್ದಿಲಿನ ಹೊಗೆಯಿಂದ ಓಡುವ ಬಸ್ಸಿನಲ್ಲಿ ಕೆಮ್ಮುತ್ತ, ಒಂದು ಚೀಲ ಅಕ್ಕಿ ಹೊತ್ತುಕೊಂಡು ಹೋಗುವುದು, ಅವನ ತೋಟದ ಬದುವಿನ ಮೇಲೆ ಕೂತು ಬರುವುದು. ಬಳ್ಳಿ ಕಟ್ಟಲು ಏಣಿ ಹತ್ತುವುದು ಅವನಿಂದ ಆಗುತ್ತಿರಲಿಲ್ಲ. ತಮ್ಮಂದಿರು ಹತ್ತುತ್ತಿದ್ದರು, ಅವನು ಕೆಳಗೆ ಕೂತು ಎಲೆ ಜೋಡಿಸುತ್ತಿದ್ದ, ಹೆಂಗಸರ ಕೆಲಸವೆಂದು ಅವರು ಅಣಕಿಸುತ್ತಿದ್ದರು. ನಾನು ಹೋದಾಗಲೆಲ್ಲ ಓಣಿಯವರು ಬಿಲ್ಲೆಯ ಗೌಡರು ಬಂದರೆಂದು ನೋಡಲು ಬರುತ್ತಿದ್ದರು. ನನ್ನನ್ನು ನೋಡಿ ಆಮೇಲೆ ಅವನ ಬೆನ್ನು ನೋಡುತ್ತಿದ್ದರು. ಅದು ಎಷ್ಟೋ ಸಲ ನಡೆದರೂ ನನ್ನ ತಲೆಗೆ ಹೋಗಲಿಲ್ಲ. ನಾನು ಋಣ ತೀರಿಸುತ್ತಿದ್ದೇನೆಂದು ತಿಳಿದಿದ್ದೆ.

ಒಂದು ಮಧ್ಯಾಹ್ನ ಕೇಳಿಯೇಬಿಟ್ಟೆ. "ಅವತ್ತು ಹಂದರದಾಗ ಯಾಕ ಸುಳ್ಳ ಹೇಳಿದಿ?"

"ಇಲ್ಲಾಂದ್ರ ನಿನ್ನ ಮದಿವಿ ಮುರೀತಿತ್ತು. ನನ್ನ ಬೆನ್ನ ನೆಟ್ಟಗಾಗ್ತಿತ್ತೇನು?"

ಅವನು ಕೈಯಲ್ಲಿದ್ದ ಎಲೆಗಳನ್ನು ಜೋಡಿಸಿ ಮುಗಿಸಿದ.

"ದೋಸ್ತ, ಒಂದ ಮಾತ ಹೇಳ್ತೇನಿ, ಸಿಟ್ಟಾಗಬ್ಯಾಡ," ಎಂದ. "ಬಂಕಾಪುರದಾಗ ನನಗೂ ಒಂದ ಕಡೆ ಮದಿವಿ ಮಾತು ನಡದೇತಿ. ಅವರು ಇನ್ನ ಹೋಗಿ ಬಂದು ಮಾಡ್ತಾರ. ನೀ ಇಲ್ಲಿ ಇದ್ರ ಮಂದಿ ನಿನ್ನ ಬಿಲ್ಲಿ ಕತಿ ತಗೀತಾರ, ಆಮ್ಯಾಲ ನನ್ನ ಬೆನ್ನಿಂದು. ನೀ ಇನ್ನ ಬರಬ್ಯಾಡ."

"ನಾ ಅವರ ಮುಂದ ಖರೇ ಹೇಳ್ತೇನಿ."

"ನಿನ್ನ ಖರೇ ಮಾತು ಎಷ್ಟ ನಡೀತದ ಅನ್ನೂದು ನಿಮ್ಮ ಹಂದರದಾಗ ನೋಡೇನಿ."

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಬಸ್ಸಿನವರೆಗೆ ಅವನೇ ಬಂದು ಕಳಿಸಿದ. ಅಕ್ಕಿಯ ಚೀಲವನ್ನು ಹಿಂದಕ್ಕೆ ಕೊಡಲಿಲ್ಲ, ಅಷ್ಟು ಮರ್ಯಾದೆ ಉಳಿಸಿದ. ಅವನು ನನ್ನಿಂದ ಬಾಯಿಬಿಟ್ಟು ಕೇಳಿದ್ದು ಅದೊಂದೇ, ಅದನ್ನು ನಡೆಸಿಕೊಟ್ಟೆ. ಮತ್ತೆ ಸವಣೂರಿಗೆ ಹೋಗಲಿಲ್ಲ.

ಅದು ಸುಲಭವಾಯಿತು, ಅದೇ ನನ್ನನ್ನು ತಿನ್ನುವುದು. ಬಸ್ಸು ಊರು ದಾಟುವಷ್ಟರಲ್ಲಿ ಮೈ ಹಗುರಾಗಿತ್ತು. ಇನ್ನು ಆ ಬೆನ್ನನ್ನು ನೋಡಬೇಕಾಗಿಲ್ಲ ಎಂದುಕೊಂಡೆ. ಬರ್ಮಾದಿಂದ ಬಂದ ಮೇಲೆ ನನಗೆ ಹಗಲಲ್ಲಿ ಕಣ್ಣು ಹತ್ತುತ್ತಿರಲಿಲ್ಲ. ಅಂದು ಬಂಕಾಪುರ ಬರುವ ಮೊದಲೇ ನಿದ್ದೆ ಬಂತು. ಹಾನಗಲ್ಲಿನಲ್ಲಿ ಕಂಡಕ್ಟರ್ ಭುಜ ಅಲ್ಲಾಡಿಸಿ, "ಏಳ್ರಿ, ಭಾಳ ಛಂದ ಮಲಗಿದ್ರಿ," ಎಂದು ಎಬ್ಬಿಸಬೇಕಾಯಿತು.