ಬೆಣ್ಣೆಹಣ್ಣಿನ ಶೀಕರಣಿ

ಮುಂಡಗೋಡದ ಬಸ್ ಸ್ಟ್ಯಾಂಡಿನ ಹೊರಗೆ ಹಣ್ಣಿನ ಗಾಡಿ ಇಟ್ಟುಕೊಂಡಿರುವ ಹಾಜಿರಾಬಿಗೆ ಬಾಯಿ ಸ್ವಲ್ಪ ಜಾಸ್ತಿ. ಇದನ್ನು ಬೇರೆಯವರು ಹೇಳಬೇಕಾಗಿಲ್ಲ, ಅವಳೇ ಹೇಳಿಕೊಳ್ಳುತ್ತಾಳೆ. ಬಾಳೆಹಣ್ಣು ಕೊಳ್ಳಲು ಬಂದವರಿಗೆ ಹೊಟ್ಟೆ ಸಾಫಾಗುವ ಉಪಾಯ, ದಾಳಿಂಬೆ ಕೊಳ್ಳಲು ಬಂದವರಿಗೆ ರಕ್ತ ಹೆಚ್ಚಿಸಿಕೊಳ್ಳುವ ಉಪದೇಶ, ಎಲ್ಲಾ ಪುಕ್ಕಟೆ. ಹಳಿಯಾಳದಿಂದ ಸೊಸೆಯಾಗಿ ಬಂದ ಹೊಸತರಲ್ಲಿ ನಾಲ್ಕು ಮಂದಿಯ ಎದುರು ತಲೆ ಎತ್ತುತ್ತಿರಲಿಲ್ಲವಂತೆ. ಗಂಡ ಫಕ್ರುದ್ದೀನ ಟ್ರ್ಯಾಕ್ಟರ್ ರಿಪೇರಿ ಮಾಡುವಾಗ ಕೈಗೆ ಪೆಟ್ಟು ಮಾಡಿಕೊಂಡು ಮನೆಯಲ್ಲಿ ಕೂತಾಗ, ಒಂದು ಬುಟ್ಟಿ ಬಾಳೆಹಣ್ಣು ಹೊತ್ತು ಸಂತೆಗೆ ಬಂದಳು. ಸಂತೆ ಅವಳಿಗೆ ಮಾತು ಕಲಿಸಿತು. ಗಂಡನ ಕೈ ವಾಸಿಯಾಗಿ ಅವನು ಗ್ಯಾರೇಜಿಗೆ ಮರಳಿದರೂ ಇವಳು ವ್ಯಾಪಾರ ಬಿಡಲಿಲ್ಲ.

ಸನವಳ್ಳಿಯ ಗಿರಿಜಾಬಾಯಿ ಆ ಬುಟ್ಟಿಯ ಕಾಲದಿಂದಲೂ ಅವಳ ಗೆಳತಿ. ವಯಸ್ಸಿನಲ್ಲಿ ಹಿರಿಯಳು, ಹೊಲಮನೆಯ ಲಿಂಗಾಯತ ಹೆಂಗಸು. ಸಂತೆಗೆ ಬಂದರೆ ಮೊದಲು ಗಾಡಿಯ ಕೆಳಗೆ ಚೀಲ ತುರುಕಿ, ಪಕ್ಕದಲ್ಲಿ ಕೂತು ಸೊಸೆಯ ದೂರು, ಎಮ್ಮೆಯ ದೂರು, ತನ್ನ ಮೊಣಕಾಲಿನ ದೂರು ಎಲ್ಲ ಮುಗಿಸಿಯೇ ಸಂತೆಗೆ ಇಳಿಯುವವಳು. ಹಾಜಿರಾಬಿಗೆ ತವರಿನಲ್ಲಿ ಅಕ್ಕತಂಗಿಯರಿಲ್ಲ. ಈ ಒಬ್ಬಳೇ ಅಕ್ಕ.

ಗಾಡಿಯ ಮೇಲೆ ಬೆಣ್ಣೆಹಣ್ಣು ಬಂದದ್ದು ಟಿಬೆಟನ್ ಕಾಲೊನಿಯ ಲಾಮಾಗಳ ದೆಸೆಯಿಂದ. ಅವರು ಕೇಳಿ ಕೇಳಿ ತರಿಸಿದರು. ಊರಿನವರಿಗೆ ಅದು ಜ್ಯೂಸ್ ಅಂಗಡಿಯ ದಪ್ಪ ಹಸಿರು ಜ್ಯೂಸಾಗಿ ಮಾತ್ರ ಗೊತ್ತಿತ್ತು. ಒಬ್ಬ ವಯಸ್ಸಾದ ಲಾಮಾ ಅರ್ಧಂಬರ್ಧ ಕನ್ನಡದಲ್ಲಿ ಹಾಜಿರಾಬಿಗೆ ಪಾಠ ಹೇಳಿದ್ದ: ಈ ಹಣ್ಣಿನಲ್ಲಿ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ, ನಾರು ಬಹಳ, ಇದರ ಕೊಬ್ಬು ಎದೆಗೆ ಒಳ್ಳೆಯದು, ಅರ್ಧ ತಿಂದರೂ ಹೊಟ್ಟೆ ತುಂಬುತ್ತದೆ. ಹಾಜಿರಾಬಿ ಅದನ್ನು ಬಾಯಿಪಾಠ ಮಾಡಿಕೊಂಡಳು. ಗಿರಿಜಾಬಾಯಿಗೆ ಶುಗರ್ ಬಂದು, ಕಾಲಿನ ಹೆಬ್ಬೆರಳ ಗಾಯ ಒಣಗದೆ ಪೀಡಿಸುತ್ತಿದ್ದ ಹೊತ್ತಿಗೆ ಆ ಪಾಠವನ್ನೆಲ್ಲ ಅಕ್ಕನಿಗೆ ಒಪ್ಪಿಸಿದಳು.

"ದಿನಾ ತಿನ್ನು ಅಕ್ಕಾ. ನಾ ಹೇಳ್ತೇನಲ್ಲ, ಆರಿಸಿ ಆರಿಸಿ ಛಲೋವು ತೆಗೆದಿಡ್ತೇನಿ."

ಎರಡು ತಿಂಗಳು ಕಳೆದಿರಬೇಕು. ತುಂಬಿದ ಸಂತೆಯಲ್ಲಿ ಗಿರಿಜಾಬಾಯಿಯ ಮಗ ರುದ್ರೇಶ ಮುಖ ಕೆಂಪಗೆ ಮಾಡಿಕೊಂಡು ಬಂದು ಗಾಡಿಯ ಮುಂದೆ ನಿಂತ.

"ಏನ್ ಹಣ್ಣು ಕೊಟ್ರಿ ಚಾಚಿ ನಮ್ಮವ್ವಗ? ಶುಗರ್ ಮುನ್ನೂರು ದಾಟೇತಿ! ಹಿಂಗ ಇದ್ರ ಬೆರಳು ತಗೀಬೇಕಾಗ್ತದ ಅಂದಾರ ಡಾಕ್ಟರು. ಗೊತ್ತಿಲ್ದಿದ್ರ ಸುಮ್ನ ಇರಬಾರ್ದೇನ್ರಿ?"

ಸಂತೆಯೆಲ್ಲ ತಿರುಗಿ ನೋಡುತ್ತಿತ್ತು. ಪಕ್ಕದಲ್ಲಿ ತರಕಾರಿ ಮಾರುವ ಮಾಲವ್ವ, "ಹೋಗ್ಲಿ ಬಿಡೋ ತಮ್ಮಾ, ಬೇಕಂತ ಮಾಡ್ಯಾಳೇನ?" ಅಂದಳು. ಅವನು ಕೇಳಿಸಿಕೊಳ್ಳದೆ ಹೊರಟು ಹೋದ.

ಅವತ್ತೇ ಬೆಣ್ಣೆಹಣ್ಣಿನ ಬುಟ್ಟಿ ಗಾಡಿಯಿಂದ ಇಳಿಯಿತು. ಲಾಮಾಗಳು ಕೇಳಿದರೆ "ಬಂದಿಲ್ಲ" ಎಂದು ತಲೆ ಅಲ್ಲಾಡಿಸುವುದು. ಉಪದೇಶವೂ ಬಂದ್ ಆಯಿತು. ಮನೆಯಲ್ಲಿ ಫಕ್ರುದ್ದೀನ, "ಯಾಕ, ಗಂಟಲಾ ಕಟ್ಟೈತೇನ? ಮನಿ ಭಣಭಣ ಅನ್ನಾಕತ್ತೈತಿ" ಎಂದು ಛೇಡಿಸಿದರೂ ನಗು ಬರಲಿಲ್ಲ. ಸಂತೆ ಬಂತು, ಹೋಯಿತು. ಗಿರಿಜಾಬಾಯಿ ಬರಲಿಲ್ಲ. ಅಯ್ಯೋ, ಅಕ್ಕನ ಬೆರಳು ನನ್ನ ಬಾಯಿಯಿಂದ ಹೋಗುತ್ತದಲ್ಲ ಎಂಬ ಸಂಕಟ ಒಂದು ಕಡೆ, ಅಕ್ಕ ಇನ್ನು ನನ್ನ ಮುಖ ನೋಡುವುದಿಲ್ಲ ಎಂಬ ಭಯ ಇನ್ನೊಂದು ಕಡೆ. ಕೂತರೂ ಸಮಾಧಾನವಿಲ್ಲ, ನಿಂತರೂ ಇಲ್ಲ. ಕಡೆಗೆ, ಬೈಸಿಕೊಂಡರೂ ಸರಿ, ಹೋಗಿ ನೋಡಿಯೇ ಬರುತ್ತೇನೆಂದು ಒಂದು ಮಧ್ಯಾಹ್ನ ಸನವಳ್ಳಿಯ ಟೆಂಪೋ ಹತ್ತಿದಳು.

ಗಿರಿಜಾಬಾಯಿ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು. ಹೆಬ್ಬೆರಳಿಗೆ ಬಿಳಿ ಪಟ್ಟಿ.

"ಬಾ ಬಾ, ಈಗ ನೆನಪಾತೇನ ನನ್ನ? ಅಂವ ಏನೋ ಅಂದ್ನಂತ, ನೀ ಸಿಟ್ಟ ಮಾಡ್ಕೊಂಡು ಕೂಡೂದ?"

ಸಿಟ್ಟಂತೆ! ಹಾಜಿರಾಬಿ ಅಲ್ಲೇ ಕೆಳಗೆ ಕೂತು ಗಳಗಳ ಅತ್ತುಬಿಟ್ಟಳು. ಗಿರಿಜಾಬಾಯಿ ಅವಳ ಬೆನ್ನು ಸವರುತ್ತ ತಮಾಷೆ ಮಾಡಿದಳು. "ಅಳಬ್ಯಾಡ. ಬೆರಳು ಇನ್ನೂ ಐತಿ ನೋಡಿಲ್ಲಿ. ಹಣ್ಣ ಬಂದ್ ಮಾಡಿಸ್ಯಾನ ಮಗಾ. ಖರೇ ಹೇಳ್ತೇನಿ ಹಾಜಿರಾ, ಆ ಶೀಕರಣಿ ರುಚಿ ನಾಲಿಗಿ ಬಿಟ್ಟು ಹೋಗವಲ್ದು."

ಹಾಜಿರಾಬಿ ಅಳು ನಿಲ್ಲಿಸಿದಳು. "ಯಾವ ಶೀಕರಣಿ?"

ಒಳಗಿನಿಂದ ಸೊಸೆ ಶಾಂತಾದೇವಿ ನೀರು ತಂದಳು. "ನಿಮ್ಮ ಬೆಣ್ಣಿಹಣ್ಣಿಂದ್ರೀ ಚಾಚಿ. ಮಾವಿನ ಹಣ್ಣಿಂದು ಮಾಡ್ತೇವಲ್ರಿ, ಹಂಗ. ಹಾಲು, ಏಲಕ್ಕಿ ಹಾಕಿ ಚಪಾತಿ ಕೂಡ ಎರಡೂ ಹೊತ್ತು ಕೊಡ್ತಿದ್ದೆ."

"ಸಿಹಿಗೇನ ಹಾಕ್ತಿದ್ದಿ?"

"ಸಕ್ರಿ ಒಂದು ಹರಳು ಹಾಕಿಲ್ರಿ! ಡಾಕ್ಟರು ಸಕ್ರಿ ಬ್ಯಾಡ ಅಂದಾರಲ್ಲ. ಬರೇ ಬೆಲ್ಲ. ಆ ಹಣ್ಣು ಭಾಳ ಸಪ್ಪಗ್ರಿ, ಮಾವಿಗಿಂತ ಒಂದು ಹಿಡಿ ಹೆಚ್ಚ ಬೇಕಾಗ್ತದ."

ಹಾಜಿರಾಬಿ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡಳು. "ಯಾ ಅಲ್ಲಾ! ಹೇಳಾಕ ನಾ ಹೇಳಿದೆ, ಹೆಂಗ ತಿನ್ನಬೇಕು ಅನ್ನೂದ ಹೇಳಲಿಲ್ಲಲ್ಲ!" ಆಮೇಲೆ ನಗು ಶುರುವಾಯಿತು. ನಿಲ್ಲಿಸಲು ಹೋದಷ್ಟೂ ಹೆಚ್ಚಾಯಿತು. ಅತ್ತೆ ಸೊಸೆ ಇಬ್ಬರೂ ಇವಳಿಗೆ ಏನಾಯಿತೆಂದು ಮುಖ ಮುಖ ನೋಡಿಕೊಂಡರು. ಪಾಪ ಶಾಂತಾದೇವಿಯದೇನು ತಪ್ಪು? ಮೆತ್ತಗಿನ ಹಣ್ಣು ಮನೆಗೆ ಬಂದರೆ ಶೀಕರಣಿ ಮಾಡದ ಸೊಸೆ ಈ ಸೀಮೆಯಲ್ಲಿ ಯಾರಿದ್ದಾರೆ?

ಮರುದಿನ ರುದ್ರೇಶನನ್ನೂ ಎಳೆದುಕೊಂಡು ಮೂವರು ಹೆಂಗಸರೂ ಡಾಕ್ಟರಮ್ಮನ ಬಳಿ ಹೋದರು. ಅವರು ಎಲ್ಲ ಕೇಳಿ ಪೆನ್ನು ಕೆಳಗಿಟ್ಟರು.

"ಅಜ್ಜಿ, ಬೆಲ್ಲನೂ ಸಕ್ರಿನ. ಹೊಟ್ಟಿಯೊಳಗ ಹೋದ ಮ್ಯಾಲೆ ಎರಡೂ ಒಂದ. ಹಣ್ಣಿಂದೇನೂ ತಪ್ಪಿಲ್ಲ. ಅದರಾಗಿನ ಕೊಬ್ಬು ಛಲೋ ಕೊಬ್ಬು, ನಾರು ಐತಿ, ಶುಗರ್ ಗಕ್ಕನ ಏರಿಸೂದಿಲ್ಲ. ಉಳ್ಳಾಗಡ್ಡಿ, ಲಿಂಬಿಹುಳಿ, ಚೂರು ಉಪ್ಪು ಹಾಕಿ ರೊಟ್ಟಿ ಕೂಡ ತಿನ್ರಿ. ಅರ್ಧಾ ಹಣ್ಣು ಸಾಕು, ಹೆಚ್ಚಾದ್ರ ತೂಕ ಏರ್ತದ. ಇದು ಔಷಧ ಅಲ್ಲ ಮತ್ತ, ಗುಳಿಗಿ ಬಿಡಬ್ಯಾಡ್ರಿ. ನಿಮ್ಮ ಕಿಡ್ನಿ ಛಲೋ ಅದಾವ, ಅದಕ್ಕ ಹೇಳ್ತೇನಿ. ಕಿಡ್ನಿ ತ್ರಾಸ ಇದ್ದವ್ರು ನನ್ನ ಕೇಳ್ದ ತಿನ್ನಬಾರ್ದು."

ಹಾಜಿರಾಬಿಗೆ ಹೋದ ಜೀವ ಬಂದಂತಾಯಿತು. ಆದರೂ ಅರ್ಧ ಜೀವವೇ. ಬೆರಳು ಉಳಿಯಬೇಕಲ್ಲ! ಬುಟ್ಟಿ ಮತ್ತೆ ಗಾಡಿ ಏರಿತು. ಸನವಳ್ಳಿಯ ಕಡೆ ಹೋಗುವವರ ಕೈಯಲ್ಲಿ ಹಣ್ಣು ಕಳಿಸುತ್ತ, ಬಂದವರನ್ನು ಗಾಯದ ಸುದ್ದಿ ಕೇಳುತ್ತ ದಿನ ದೂಡಿದಳು.

ಕೆಲವು ತಿಂಗಳ ಮೇಲೆ ಒಂದು ಸಂತೆಯ ಬೆಳಿಗ್ಗೆ ಗಿರಿಜಾಬಾಯಿ ನಡೆದುಕೊಂಡೇ ಬಂದಳು. ಚಪ್ಪಲಿ ಹಾಕಿದ್ದಳು, ಕಾಲಿಗೆ ಪಟ್ಟಿ ಇರಲಿಲ್ಲ. ಹಿಂದೆ ರುದ್ರೇಶ.

"ಶುಗರ್ ಇಳದೈತ್ರೀ ಚಾಚಿ," ಅಂದ, ಅವತ್ತು ಕೂಗಾಡಿದ ಜಾಗದಲ್ಲೇ ನಿಂತು, ಮಾಲವ್ವನಿಗೂ ಕೇಳುವಂತೆ. "ಗಾಯಾನೂ ಮಾಯೈತಿ. ನಾ ಹಂಗ ಅನ್ನಬಾರದಿತ್ತು. ತಪ್ಪಾತು."

"ತಪ್ಪು ಗಿಪ್ಪು ಆಮ್ಯಾಲೆ," ಎಂದಳು ಗಿರಿಜಾಬಾಯಿ. "ರಕ್ತ ತಪಾಸಣಿಗಂತ ನಿನ್ನೆ ರಾತ್ರಿಯಿಂದ ಉಪಾಸ ಇಟ್ಟಿದ್ರು, ಈಗ ಮುಗೀತು. ಹಸಿವಿ ತಾಳವಲ್ದು. ಹಾಜಿರಾ, ಒಂದು ಹಣ್ಣ ಕೊಯ್ದು ಕಲಸು." ಸೆರಗಿನ ಗಂಟಿನಿಂದ ರೊಟ್ಟಿ ಹೊರತೆಗೆದಳು.

ಹಾಜಿರಾಬಿ ಚಾಕು ಹಿಡಿದು ಹಾಗೇ ನಿಂತಳು. ಇಷ್ಟು ವರ್ಷದ ಗೆಳೆತನದಲ್ಲಿ ಗಿರಿಜಾಬಾಯಿ ಅವಳ ಕೈಯಿಂದ ತೆಗೆದುಕೊಂಡದ್ದು ಇಡೀ ಹಣ್ಣು ಮಾತ್ರ. ಹೆಚ್ಚಿದ್ದು, ಕಲಸಿದ್ದು, ಉಪ್ಪು ಬಿದ್ದದ್ದು ಒಮ್ಮೆಯೂ ಇಲ್ಲ. ರಂಜಾನ್ ಹಬ್ಬಕ್ಕೆ ಶ್ಯಾವಿಗೆಯ ಸುರಕುಂಬಾ ಮಾಡಿ ಕಳಿಸುವ ಬದಲು ಹಾಜಿರಾಬಿ ಒಣ ಶ್ಯಾವಿಗೆ, ಸಕ್ಕರೆ ಕೊಡುವಳು, ಗಿರಿಜಾಬಾಯಿ ಒಯ್ದು ತನ್ನ ಒಲೆಯ ಮೇಲೆ ಪಾಯಸ ಮಾಡಿಕೊಳ್ಳುವಳು. ಅದು ರೂಢಿ. ಇಬ್ಬರೂ ಬೇಸರಪಟ್ಟವರಲ್ಲ, ಮಾತಾಡಿದವರೂ ಅಲ್ಲ.

"ಅಕ್ಕಾ, ನಾ ಕಲಸ್ಲೇನ?" ಮೆಲ್ಲಗೆ ಕೇಳಿದಳು.

"ಮತ್ತ್ಯಾರು ಕಲಸಬೇಕು? ಜಲ್ದಿ ಮಾಡು."

ಮಾಲವ್ವ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಎಸೆದಳು. ಹಾಜಿರಾಬಿ ಹೆಚ್ಚಿ, ಲಿಂಬೆ ಹಿಂಡಿ, ಚೂರು ಉಪ್ಪು ಉದುರಿಸಿ, ಅರ್ಧ ಹಣ್ಣನ್ನು ತಟ್ಟೆಯಲ್ಲಿ ಕಿವುಚಿದಳು. ಗಿರಿಜಾಬಾಯಿ ತುಂಬಿದ ಸಂತೆಯ ನಡುವೆ, ಊರಿನವರು ನೋಡುತ್ತಿರುವಂತೆಯೇ, ರೊಟ್ಟಿ ಮುರಿದು ಅದ್ದಿ ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಅಗಿದಳು. ತಟ್ಟೆ ಸವರಿ ಖಾಲಿ ಮಾಡಿದ ಮೇಲೆಯೇ ಮಾತಾಡಿದ್ದು.

"ಇದು ಛಲೋ ಆಗೇತಿ. ರೊಟ್ಟಿನ ಒಣಗ್ಯಾವ. ಮುಂದಿನ ಸಂತಿಗೆ ನಿಮ್ಮ ಮನಿಯಿಂದ ಬಿಸಿ ರೊಟ್ಟಿ ಮಾಡ್ಕೊಂಡ ಬಾ."

"ತರ್ತೇನಕ್ಕಾ," ಅಂದಳು ಹಾಜಿರಾಬಿ.